ಆ ರಾತ್ರಿ ಕುರ್ಚಿ ಬಿಟ್ಟು ಏಳದ ಅಜ್ಜಿಗೆ

ಕಳೆದ ಗುರುವಾರ ಕೊನೆಯ ಡ್ರಿಪ್ ಮುಗಿಯಿತು. ಯಾವ ಕಾಯಿಲೆ, ಎಷ್ಟು ಕೀಮೋ, ರಿಪೋರ್ಟಿನಲ್ಲಿ ಏನು ಬಂತು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯಲು ನನಗೆ ಮನಸ್ಸಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು, ಅದಕ್ಕೆ ಕೂತಿದ್ದೇನೆ.

ಐದು ತಿಂಗಳು ಸರದಿ ಹಾಕಿಕೊಂಡು ಸಾರು, ಪಲ್ಯ, ಮೊಸರನ್ನ ತಂದು ಬಾಗಿಲ ಹತ್ತಿರ ಇಟ್ಟುಹೋದ ಮೆಲ್ಬರ್ನಿನ ಕನ್ನಡ ಮನೆಗಳಿಗೆ, ನನ್ನ ಕೆಲಸವನ್ನು ಸದ್ದಿಲ್ಲದೆ ಹಂಚಿಕೊಂಡ ಆಫೀಸಿನವರಿಗೆ, ನರ ಸಿಗದೆ ನಾಲ್ಕು ಸಲ ಚುಚ್ಚಿ ತಾನೇ ಕಣ್ಣೀರು ಹಾಕಿದ ನರ್ಸ್ ಹುಡುಗಿಗೆ, ದಿನಾ ವಾಟ್ಸಾಪ್‌ನಲ್ಲಿ ಅತ್ತು ಆಮೇಲೆ "ನೀನು ಅಳಬೇಡ" ಅಂದ ಅಮ್ಮನಿಗೆ, ಎಲ್ಲರಿಗೂ ಥ್ಯಾಂಕ್ಸ್. ಲಕ್ಷ್ಮಣ ಫಲದ ಜ್ಯೂಸ್ ಕುಡಿ ಅಂತ ವಿಡಿಯೋ ಕಳಿಸಿದ ಹದಿಮೂರು ಜನಕ್ಕೂ ಥ್ಯಾಂಕ್ಸ್. ಕುಡಿಯಲಿಲ್ಲ.

ಉಳಿದದ್ದೆಲ್ಲ ಪಕ್ಕದ ಮನೆಯ ಅಜ್ಜಿಗೆ.

ಬೀದಿಯಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಎಪ್ಪತ್ತು ದಾಟಿದವರನ್ನು ಹಾಗೆ ಕರೆಯೋಕೆ ನಮಗೆ ಬಾಯಿ ಬರಲ್ಲ, ಅಲ್ವಾ? ಮಗ ಅಜ್ಜಿ ಅಂದ, ನಾನೂ ಅಂದೆ. ಈಗ ಫೋನ್ ಮಾಡಿದರೆ ಅವರೇ "ನಾನು, ಆಜೀ" ಅನ್ನುತ್ತಾರೆ. ಮೊದಮೊದಲು ಅವರ ಬಗ್ಗೆ ನಮಗೆ ಗೊತ್ತಿದ್ದದ್ದು ಒಂದೇ, ಮೆಲ್ಬರ್ನ್ ಡೀಮನ್ಸ್ ಅನ್ನುವ ಫುಟಿ ತಂಡದ ಹುಚ್ಚು. ಫುಟಿ ಅಂದರೆ ಇಲ್ಲಿಯವರ ಆಸ್ಟ್ರೇಲಿಯನ್ ಫುಟ್‌ಬಾಲ್. ಕೆಂಪು-ನೀಲಿ ಮಫ್ಲರ್ ಸುತ್ತಿಕೊಂಡು ಹೊರಟರೆ ಎಂಸಿಜಿ ಮೈದಾನದಲ್ಲಿ ಆಟ ಇದೆ. ವಾಪಸ್ ಬಂದು ಗೇಟು ದಡಾರ್ ಅಂತ ಹಾಕಿದರೆ ಸೋತಿದ್ದಾರೆ. ಹನ್ನೊಂದು ವರ್ಷ ಈ ಊರಲ್ಲಿದ್ದೂ ನನಗೆ ಫುಟಿ ತಲೆಗೆ ಹತ್ತಿರಲಿಲ್ಲ. ಆ ಕಡೆ ನಾಲ್ಕು ಕಂಬ, ಈ ಕಡೆ ನಾಲ್ಕು ಕಂಬ, ನಡುವೆ ಒಬ್ಬರ ಮೇಲೊಬ್ಬರು ಬೀಳುವ ಮೂವತ್ತಾರು ಜನ, ಅಷ್ಟೇ ನನ್ನ ಜ್ಞಾನ.

ಜುಲೈ ತಿಂಗಳ ರಾತ್ರಿ. ಅತ್ತೆಯವರ ಕಣ್ಣಿನ ಆಪರೇಷನ್ ಅಂತ ಇವರು ದಾವಣಗೆರೆಗೆ ಹೋಗಿದ್ದರು. ಹನ್ನೊಂದು ಗಂಟೆಗೆ ಜ್ವರ ನೋಡಿಕೊಂಡರೆ 38.6. 38 ದಾಟಿದರೆ ಕಾಯದೆ ಬಂದುಬಿಡಿ ಅನ್ನುವ ಚೀಟಿ ಫ್ರಿಜ್ ಮೇಲೇ ಇತ್ತು. ಎರಡು ಬೀದಿ ಆಚೆಯ ಗೆಳತಿ ಮಗನ ಹತ್ತಿರ ಮಲಗೋಕೆ ಓಡಿಬಂದಳು. ಟ್ಯಾಕ್ಸಿಗೆ ಅಂತ ಹೊರಗೆ ಬಂದರೆ, ಅಜ್ಜಿ ನೈಟಿ ಮೇಲೊಂದು ಕೋಟು ಹಾಕಿಕೊಂಡು ಕಾರ್ ಸ್ಟಾರ್ಟ್ ಮಾಡಿಯೇಬಿಟ್ಟಿದ್ದರು. ಏನಾಯಿತು ಅಂತಲೂ ಕೇಳಲಿಲ್ಲ.

ಎಮರ್ಜೆನ್ಸಿಯಲ್ಲಿ ಹಲ್ಲು ಕಟಕಟ ಅನ್ನುವಂಥ ನಡುಕ. ಅವರು ಮಫ್ಲರ್ ತೆಗೆದು ನನ್ನ ಕುತ್ತಿಗೆಗೆ ಸುತ್ತಿದರು. "ಏನಾದರೂ ಮಾತಾಡಿ, ಆಸ್ಪತ್ರೆ ವಿಷಯ ಬೇಡ" ಅಂದೆ. ಅವರಿಗೆ ಗೊತ್ತಿರುವುದು ಒಂದೇ ವಿಷಯ. ಪ್ಲಾಸ್ಟಿಕ್ ಕುರ್ಚಿ ಹತ್ತಿರ ಎಳೆದುಕೊಂಡು ಜಿಮ್ ಸ್ಟೈನ್ಸ್ ಕಥೆ ಶುರು ಮಾಡಿದರು. ಯಾರಾ ನದಿ ದಡದ ಜಿಮ್ ಸ್ಟೈನ್ಸ್ ಸೇತುವೆ ಮೇಲೆ ನಾನು ಎಷ್ಟೋ ಸಲ ನಡೆದಿದ್ದೇನೆ. ಯಾರೋ ಹಳೇ ಮೇಯರ್ ಇರಬೇಕು ಅಂದುಕೊಂಡಿದ್ದೆ.

ಡಬ್ಲಿನ್ ಹುಡುಗ. 1984ರಲ್ಲಿ, 18ನೇ ವಯಸ್ಸಿಗೆ ಇಲ್ಲಿಗೆ ಬಂದ. ಊರಲ್ಲಿ ಆಡುತ್ತಿದ್ದದ್ದು ಗೇಲಿಕ್ ಫುಟ್‌ಬಾಲ್, ದುಂಡು ಚೆಂಡು. ಇಲ್ಲಿನ ಚೆಂಡು ಮೊಟ್ಟೆ ಥರ. ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತೆ ಅಂತ ಚೆಂಡಿಗೇ ಗೊತ್ತಿರಲ್ಲ. ರಾನ್ ಬರಾಸಿ ಕೋಚ್ ಆಗಿದ್ದಾಗ ಡೀಮನ್ಸ್ ಕ್ಲಬ್ಬಿನವರು ಐರ್ಲೆಂಡಿನಿಂದ ಉದ್ದುದ್ದ ಹುಡುಗರನ್ನು ಕರೆತಂದು ಈ ಆಟ ಕಲಿಸೋಕೆ ನೋಡುತ್ತಿದ್ದರು. ಸ್ಟೈನ್ಸ್‌ಗೆ ಮೊದಲ ದೊಡ್ಡ ಪಂದ್ಯ ಸಿಗುವಷ್ಟರಲ್ಲಿ 1987 ಆಗಿತ್ತು. ಡೀಮನ್ಸ್ 1964ರ ನಂತರ ಮೊದಲ ಸಲ ಫೈನಲ್ಸ್ ಹಂತಕ್ಕೆ ಬಂದದ್ದೂ ಅದೇ ವರ್ಷ.

ಇಲ್ಲಿ ಅಜ್ಜಿ ನನ್ನ ಟ್ರೇ ಎಳೆದುಕೊಂಡರು. ಮಾತ್ರೆ ಡಬ್ಬಿ ಹಾಥಾರ್ನ್ ತಂಡದ ಗ್ಯಾರಿ ಬಕೆನಾರ. ನೀರಿನ ಲೋಟ ಅವನೆದುರು ನಿಂತ ಡೀಮನ್ಸ್ ಆಟಗಾರ. ಟಿಶ್ಯೂ ಪೆಟ್ಟಿಗೆ ಗೋಲು. ಪ್ರಿಲಿಮಿನರಿ ಫೈನಲ್, ಅಂದರೆ ಸೆಮಿಫೈನಲ್ ಥರದ ಪಂದ್ಯ, ಅದರ ಕೊನೇ ಗಳಿಗೆ, ಡೀಮನ್ಸ್ 4 ಪಾಯಿಂಟ್ ಮುಂದೆ, ಬಕೆನಾರನಿಗೆ ಫ್ರೀ ಕಿಕ್. ಗೋಲು ದೂರ ಇದೆ. ಒದೆಯುವವನಿಗೂ ಅವನೆದುರು ನಿಂತವನಿಗೂ ನಡುವೆ ಯಾರೂ ಅಡ್ಡ ಓಡಬಾರದು, ಅದು ನಿಯಮ. ಅಜ್ಜಿ ಎರಡು ಬೆರಳನ್ನು ಸ್ಟೈನ್ಸ್‌ನ ಕಾಲು ಮಾಡಿಕೊಂಡು ಡಬ್ಬಿಗೂ ಲೋಟಕ್ಕೂ ನಡುವೆ ತುರುತುರು ಓಡಿಸಿದರು. "ಓಡಿಬಿಟ್ಟ!" ದಂಡವಾಗಿ ಬಕೆನಾರ 15 ಮೀಟರ್ ಮುಂದೆ ಬಂದ. ಡಬ್ಬಿಯೂ ಪೆಟ್ಟಿಗೆ ಹತ್ತಿರ ಬಂತು. ಸೈರನ್ ಆದ ಮೇಲಿನ ಒದೆತ, ಗೋಲು, 6 ಪಾಯಿಂಟ್. ಡೀಮನ್ಸ್ 2 ಪಾಯಿಂಟಿನಿಂದ ಸೋತರು. ಆ ದಿನ ವೇವರ್ಲಿ ಮೈದಾನದಲ್ಲಿ ಅಜ್ಜಿ ಇದ್ದರು. "ಆ ಹುಡುಗನನ್ನು ಬಾಯಿಗೆ ಬಂದ ಹಾಗೆ ಬೈದಿದ್ದೆ" ಅಂದರು. ಪಾಪ, ಇಷ್ಟು ವರ್ಷದ ಮೇಲೂ ಮುಖ ಸಣ್ಣದಾಯಿತು.

ಆ ಹುಡುಗ ವಾಪಸ್ ಬಂದು ಆಡಿದ. 1991ರಲ್ಲಿ ಬ್ರೌನ್‌ಲೋ ಪದಕ ಗೆದ್ದ. ವರ್ಷವಿಡೀ ಪಂದ್ಯ ಪಂದ್ಯಕ್ಕೂ ಅಂಪೈರ್‌ಗಳು ಹಾಕುವ ಓಟಿನ ಮೇಲೆ ಸಿಗುವ ಪದಕ ಅದು. 1998ರವರೆಗೆ ಆಡಿದ್ದು 264 ಪಂದ್ಯ. ಅದರಲ್ಲಿ 244 ಪಂದ್ಯ ಒಂದೂ ತಪ್ಪಿಸದೆ ಸಾಲಾಗಿ ಆಡಿದ್ದ. ಆಡುತ್ತಿರುವಾಗಲೇ, 1994ರಲ್ಲಿ, ಹದಿಹರೆಯದ ಮಕ್ಕಳಿಗಾಗಿ ಗೆಳೆಯನ ಜೊತೆ ರೀಚ್ ಅನ್ನುವ ಸಂಸ್ಥೆ ಕಟ್ಟಿದ. 2008ರಲ್ಲಿ ಕ್ಲಬ್ಬು ಸಾಲದಲ್ಲಿ ಮುಳುಗಿದ್ದಾಗ ಅಧ್ಯಕ್ಷನಾದ.

"ಆಮೇಲೆ?" ಅಂದೆ.

ಅಜ್ಜಿ ಸ್ವಲ್ಪ ತಡೆದರು. "2009ರಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಮಾಡಿಸಿಕೊಳ್ಳುತ್ತಲೇ ಓಡಾಡಿ, ಮರುವರ್ಷ ಕ್ಲಬ್ಬಿನ ಸಾಲ ತೀರಿಸಿದ."

"ಆಮೇಲೆ?"

"ಸತ್ತುಹೋದ. 2012, ಮಾರ್ಚ್. 45 ವಯಸ್ಸು."

ನನಗೆ 41. ಎಲ್ಲಿತ್ತೋ ಸಿಟ್ಟು, ಕಿರುಚಿಬಿಟ್ಟೆ. ಹೇಳೋಕೆ ಬೇರೆ ಯಾರೂ ಸಿಗಲಿಲ್ವಾ ನಿಮಗೆ, ಇವತ್ತೇ ಬೇಕಿತ್ತಾ ಈ ಕಥೆ ಅಂತ. ಕಿರುಚುತ್ತಲೇ ವಾಂತಿ ಆಯಿತು. ಬಟ್ಟಲು ತಲುಪುವ ಮೊದಲೇ, ಅವರ ಮಫ್ಲರ್ ಮೇಲೆ. ಅವರು ನನ್ನ ಬಾಯಿ ಒರೆಸಿದರು. "ನೀನು ಕೇಳಿದೆ. ಸುಳ್ಳು ಹೇಳಬೇಕಿತ್ತಾ?" ಅಂದರು.

"ನಾನೂ ಸಾಯ್ತೀನಾ?"

"ಗೊತ್ತಿಲ್ಲ. ಬೆಳಗಿನವರೆಗೆ ಇಲ್ಲೇ ಇರ್ತೀನಿ."

ಆ ಐದು ತಿಂಗಳಲ್ಲಿ ಎಲ್ಲರೂ ನನಗೆ "ಎಲ್ಲಾ ಸರಿಹೋಗುತ್ತೆ" ಅಂದಿದ್ದಿರಿ. ಪ್ರೀತಿಯಿಂದಲೇ ಅಂದಿರಿ, ಬೇಜಾರಿಲ್ಲ. ಆದರೆ ಹಾಗಂದ ಕೂಡಲೇ ನಾನು ನಿಮಗೆ ಧೈರ್ಯ ಹೇಳಬೇಕಾಗುತ್ತಿತ್ತು, ನಗಬೇಕಾಗುತ್ತಿತ್ತು. ಅಜ್ಜಿ ಎದುರು ಆ ಕೆಲಸ ಇರಲಿಲ್ಲ. ಒಂದು ಗಂಟೆ ಅತ್ತೆ. ಆಮೇಲೆ ನಿದ್ದೆ ಬಂತು. ಎಚ್ಚರವಾದಾಗ ಜ್ವರ ಇಳಿದಿತ್ತು, ಅಜ್ಜಿ ಅದೇ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

ಬೆಳಿಗ್ಗೆ ಮಷೀನ್ ಟೀ ಕುಡಿಯುತ್ತಾ ಕಥೆಯ ಬಾಲ ಹೇಳಿದರು. ಸ್ಟೈನ್ಸ್ ಹೋಗಿ ಒಂಬತ್ತು ವರ್ಷಕ್ಕೆ, 2021ರಲ್ಲಿ, ಡೀಮನ್ಸ್ ಕಪ್ ಗೆದ್ದರು. 57 ವರ್ಷದ ಮೇಲೆ. ಕೋವಿಡ್ ಅಂತ ಫೈನಲ್ ಪರ್ತ್‌ನಲ್ಲಿ ಆಯಿತು, ನಮ್ಮೂರಲ್ಲಿ ಲಾಕ್‌ಡೌನ್. ಇಷ್ಟು ವರ್ಷ ಕಾದ ಅಜ್ಜಿ ಒಬ್ಬರೇ ಟಿವಿ ಮುಂದೆ ಕೂತು ನೋಡಿದ್ದರು. ಅವತ್ತು ರಾತ್ರಿ ಅವರು ವರಾಂಡದಲ್ಲಿ ಪಾತ್ರೆ ಬಡಿದದ್ದು ನಮಗೆ ಚೆನ್ನಾಗಿ ನೆನಪಿದೆ. ಏನೋ ಅನಾಹುತ ಆಗಿದೆ ಅಂತ ಇವರು ಮಾಸ್ಕ್ ಹಾಕಿಕೊಂಡು ಓಡಿದ್ದರು.

ಥ್ಯಾಂಕ್ಸ್ ಅಜ್ಜಿ. ಎದುರಿಗೆ ಹೇಳಿದರೆ ಕೈ ಬೀಸಿ ಗಿಡಕ್ಕೆ ನೀರು ಹಾಕೋಕೆ ಹೋಗಿಬಿಡುತ್ತೀರಿ.

ಇನ್ನೊಂದು ವಿಷಯ. ಅವರಿಗೆ ಕನ್ನಡ ಬರಲ್ಲ ಅನ್ನುವ ಧೈರ್ಯದಿಂದ ಇಲ್ಲಿ ಬರೆಯುತ್ತಿದ್ದೇನೆ. ಆ ಮಫ್ಲರ್ 1964ರ ಫೈನಲ್‌ಗೆ ಅಂತ ಅವರಮ್ಮ ಹೆಣೆದದ್ದಂತೆ. ಅದು ನನಗೆ ಗೊತ್ತಾಗುವಷ್ಟರಲ್ಲಿ ನಾನು ಅದನ್ನು ಮಷೀನಿಗೆ ಹಾಕಿ ಬಿಸಿನೀರಲ್ಲಿ ಒಗೆದಾಗಿತ್ತು. ಈಗ ನನ್ನ ಮಗನಿಗೆ ಸರಿಹೋಗುತ್ತೆ. ಮಾರ್ಚ್‌ನಲ್ಲಿ ಹೊಸ ಸೀಸನ್ ಶುರು, ಅಷ್ಟರೊಳಗೆ ವಾಪಸ್ ಕೊಡಬೇಕು. ಕುಗ್ಗಿದ ಉಣ್ಣೆ ಎಳೆದು ಸರಿಮಾಡುವ ದಾರಿ ಯಾರಿಗಾದರೂ ಗೊತ್ತಿದ್ದರೆ ಇವತ್ತೇ ಹೇಳಿ. ಲಕ್ಷ್ಮಣ ಫಲದವರೂ ಹೇಳಬಹುದು.