ಫಾರ್ಮ್ಯಾಟ್ ಹೊಡೆಯುವ ಮೊದಲು ಡಿಸ್ಕ್ ನೋಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಗಂಗಾವತಿ ಕಡೆ ಹಳೇ ಕಂಪ್ಯೂಟರ್ ಹ್ಯಾಂಗ್ ಆಗ್ತಿದೆ ಅಂತ ರಿಪೇರಿಗೆ ಒಯ್ದರೆ ಬಹಳ ಕಡೆ ಒಂದೇ ಉತ್ತರ: ‘ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೆಯೋಣ.’ ಹಾರ್ಡ್ ಡಿಸ್ಕ್ ಹೇಗಿದೆ ಅಂತ ನೋಡುವವರು ಕಡಿಮೆ. ಡಿಸ್ಕೇ ಕೆಟ್ಟಿದ್ದರೆ ಹೊಸ ವಿಂಡೋಸ್ ಹಾಕಿ ಏನು ಪ್ರಯೋಜನ?

ನನ್ನದು ಡಿಟಿಪಿ ಅಂಗಡಿ. ಇಲ್ಲಿನ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಜೆರಾಕ್ಸ್ ಅಂಗಡಿ ಎಲ್ಲ ಕಡೆ ಇನ್ನೂ ಓಡುತ್ತಿರುವುದು ಹಳೇ ಮಷೀನುಗಳೇ. ಟ್ಯಾಲಿ ಲೆಕ್ಕ, ನುಡಿಯಲ್ಲಿ ಟೈಪ್ ಮಾಡಿದ ಕರಪತ್ರ, ಕೋರೆಲ್‌ನಲ್ಲಿ ಮಾಡಿಟ್ಟ ಲಗ್ನಪತ್ರಿಕೆ, ಎಲ್ಲಾ ಆ ಒಂದೇ ಡಿಸ್ಕ್‌ನಲ್ಲಿ.

ನೋಡುವುದೇನೂ ಕಷ್ಟವಿಲ್ಲ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಅಂತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿದರೆ ಎಲ್ಲಾ ಕಾಣುತ್ತದೆ, ಲಿನಕ್ಸ್ ಇದ್ದವರಿಗೆ ಸ್ಮಾರ್ಟ್‌ಸಿಟಿಎಲ್ ಇದೆ. ಮೇಲೆ ಡಿಸ್ಕ್ ಸ್ಥಿತಿ ತೋರಿಸುವ ಬಣ್ಣ ಒಂದನ್ನೇ ನೋಡಬೇಡಿ, ಕೆಳಗಿನ ಪಟ್ಟಿಯ ಸಾಲುಗಳನ್ನೂ ನೋಡಿ, ಒಂದೊಂದಕ್ಕೂ ಒಂದು ನಂಬರ್ ಇರುತ್ತದೆ. 05 ಅಂದರೆ ಕೆಟ್ಟ ಸೆಕ್ಟರ್ (ಡಿಸ್ಕ್‌ನಲ್ಲಿ ಫೈಲ್ ಬರೆದಿಡುವ ಚಿಕ್ಕ ತುಂಡು ಜಾಗ) ಬಿಟ್ಟು ಬದಲಿ ಜಾಗ ಬಳಸಿದ ಲೆಕ್ಕ. ಸಿ5 ಅಂದರೆ ಸರಿಯಾಗಿ ಓದಲಾಗದೆ ಅನುಮಾನದಲ್ಲಿಟ್ಟ ಸೆಕ್ಟರ್‌ಗಳು. ಸಿ6 ಅಂದರೆ ಸರಿಪಡಿಸಲು ಆಗದೇ ಹೋದವು. ಇವು ಸೊನ್ನೆ ಇದ್ದರೆ ಒಳ್ಳೆಯದು, ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್‌ಗೆ ದುಡ್ಡು ಹೊಂದಿಸಿಕೊಳ್ಳಿ.

ಸಿ7ರದ್ದು ಬೇರೆ ಕಥೆ, ಅದು ಡಿಸ್ಕ್‌ಗೂ ಕಂಪ್ಯೂಟರ್‌ಗೂ ನಡುವೆ ಡೇಟಾ ಹೋಗಿಬರುವಾಗ ಆದ ತಪ್ಪುಗಳ ಲೆಕ್ಕ. ಪರಿಚಯದ ಗಿರಣಿಯವರೊಬ್ಬರಿಗೆ ‘ಡಿಸ್ಕ್ ಸತ್ತಿದೆ, ಹೊಸ ಕಂಪ್ಯೂಟರೇ ತಗೊಳ್ಳಿ’ ಅಂದಿದ್ದರು. ತೆಗೆದು ನೋಡಿದರೆ ಏರಿದ್ದು ಸಿ7 ಮಾತ್ರ, ಉಳಿದದ್ದೆಲ್ಲ ಸೊನ್ನೆ. ಅದು ಹೆಚ್ಚಾಗಿ ಕೇಬಲ್ ತೊಂದರೆ. ಡಿಸ್ಕ್‌ಗೆ ಹೋಗುವ ಸಾಟಾ ಕೇಬಲ್ ಬದಲಿಸಿದ್ದಾಯ್ತು, ಈಗಲೂ ಬಿಲ್ ಅದರಲ್ಲೇ ಹೊಡೆಯುತ್ತಾರೆ. ಕೇಬಲ್ ಬದಲಿಸಿದರೂ ಆ ಸಂಖ್ಯೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು.

ಹಾಗಂತ ಸ್ಮಾರ್ಟ್ ಚೆನ್ನಾಗಿದೆ ಅಂತ ಸುಮ್ನೆ ಕೂರುವ ಹಾಗೂ ಇಲ್ಲ. ಗೂಗಲ್‌ನವರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ವರದಿ ಬರೆದರು. ಕೆಟ್ಟುಹೋದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಸ್ಕ್‌ಗಳು ಸ್ಮಾರ್ಟ್‌ನ ನಾಲ್ಕು ಮುಖ್ಯ ಎಚ್ಚರಿಕೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ನಮ್ಮಲ್ಲಿ ಏನು ಕೆಟ್ಟರೂ ಬಿಸಿಲಿನ ಮೇಲೆ ಹಾಕುತ್ತಾರೆ, ಅಲ್ವಾ? ಆದರೆ ತೀರಾ ಜಾಸ್ತಿ ಬಿಸಿ ಮತ್ತು ಹಳೇ ಡಿಸ್ಕ್ ಬಿಟ್ಟರೆ ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಅಂಥಾ ನಂಟು ಆ ವರದಿಯಲ್ಲಿ ಕಾಣಲಿಲ್ಲ.

ಆದ್ದರಿಂದ ಮೊದಲು ಫೈಲ್ ಕಾಪಿ, ಆಮೇಲೆ ಪರೀಕ್ಷೆ. ಕೆಲವರು ಬಂದ ಕೂಡಲೇ ವಿಂಡೋಸ್‌ನದ್ದೇ ತಪಾಸಣೆ ಚೆಕ್‌ಡಿಸ್ಕ್ ಅನ್ನು /r ಹಾಕಿ ಓಡಿಸುತ್ತಾರೆ, ಅದು ಇಡೀ ಡಿಸ್ಕ್ ಓದಿಸಿ ಗಂಟೆಗಟ್ಟಲೆ ದುಡಿಸುತ್ತದೆ, ಉಸಿರು ಹಿಡಿದುಕೊಂಡಿರುವ ಡಿಸ್ಕ್ ಅದರಲ್ಲೇ ಹೋಗಿಬಿಡಬಹುದು. ಟಕ್ ಟಕ್ ಸದ್ದು ಬರುತ್ತಿದ್ದರೆ ಏನೂ ಮಾಡಬೇಡಿ, ಆಫ್ ಮಾಡಿಬಿಡಿ.

ರಿಪೇರಿ ಅಂಗಡಿಯವರಲ್ಲಿ ಕೇಳುವುದು ಇಷ್ಟೇ. ಮಷೀನ್ ಇಟ್ಟುಕೊಳ್ಳುವಾಗ ಆ ಸ್ಮಾರ್ಟ್ ಸ್ಕ್ರೀನ್ ಗಿರಾಕಿಗೆ ತೋರಿಸಿ, 05, ಸಿ5, ಸಿ6, ಸಿ7ರ ಸಂಖ್ಯೆಯನ್ನು ಡಿಸ್ಕ್‌ನ ಸೀರಿಯಲ್ ನಂಬರ್ ಜೊತೆ ಚೀಟಿಯಲ್ಲಿ ಬರೆದುಕೊಡಿ. ಐದು ನಿಮಿಷದ ಕೆಲಸ. ಇದಕ್ಕೆ ಬೇರೆ ಚಾರ್ಜ್ ತಗೊಂಡರೂ ಕೊಡುತ್ತೇವೆ.

— ಡಿಟಿಪಿ ಅಂಗಡಿಯವ, ಗಂಗಾವತಿ, ಕೊಪ್ಪಳ ಜಿಲ್ಲೆ