ಎರಡು ಕಚೇರಿಗಳ ನೆಟ್‌ವರ್ಕ್ ಜೋಡಿಸುವ ಮುನ್ನ

ಮಾನ್ಯ ಸಂಪಾದಕರೇ,

ಪತ್ತಿನ ಸಹಕಾರ ಸಂಘವೊಂದು ಇನ್ನೊಂದರಲ್ಲಿ ವಿಲೀನವಾದಾಗ, ಶಾಲೆಯೊಂದು ಎರಡನೇ ಕಟ್ಟಡ ಕೊಂಡಾಗ, ನರ್ಸಿಂಗ್ ಹೋಮ್ ಪಕ್ಕದ ಲ್ಯಾಬನ್ನು ವಹಿಸಿಕೊಂಡಾಗ ಠರಾವು, ನೋಂದಣಿ, ಲೆಕ್ಕಪರಿಶೋಧನೆ ಎಲ್ಲ ಮುಗಿದ ಮೇಲೆ ಕಂಪ್ಯೂಟರ್ ನೆಟ್‌ವರ್ಕ್ ನೆನಪಾಗುತ್ತದೆ. ಕೇಬಲ್ ಎಳೆಸಿದರೆ ಆಯಿತು ಎಂದು ಆಡಳಿತ ಮಂಡಳಿ ಭಾವಿಸಿರುತ್ತದೆ. ಜೋಡಣೆ ಕೈಕೊಟ್ಟಾಗ ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲು ಸಾಧನ) ಮಾರಿದವರು ಬ್ರಾಡ್‌ಬ್ಯಾಂಡ್‌ನವರನ್ನು ದೂರುತ್ತಾರೆ, ಅವರು ಸಾಫ್ಟ್‌ವೇರ್‌ನವರನ್ನು ದೂರುತ್ತಾರೆ. ಕೌಂಟರಿನ ಮುಂದೆ ನಿಂತ ಸದಸ್ಯರಿಗೆ ಮಾತ್ರ ಪಾಸ್‌ಬುಕ್ ಎಂಟ್ರಿ ಆಗುವುದಿಲ್ಲ. ಈ ತೊಡಕುಗಳಲ್ಲಿ ಹೆಚ್ಚಿನವು ಮೊದಲೇ ಊಹಿಸಬಹುದಾದವು. ಹಾಗಾಗಿ ಕೆಲವು ವಿವರಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲ ತೊಡಕು ಐಪಿ ವಿಳಾಸದ್ದು, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆಯದು. ಖಾಸಗಿ ನೆಟ್‌ವರ್ಕ್‌ಗಳಿಗೆ ಮೀಸಲಾದ ವಿಳಾಸಗಳು ಯಾವುವೆಂದು 1996ರ ಆರ್‌ಎಫ್‌ಸಿ 1918 ಎಂಬ ದಾಖಲೆ ಹೇಳುತ್ತದೆ: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರವು. ಇಷ್ಟು ವಿಶಾಲ ಜಾಗವಿದ್ದರೂ ರೂಟರ್ ಡಬ್ಬಿಯಿಂದ ಹೊರಬಂದಾಗ ಇದ್ದ 192.168.1 ಅಥವಾ 192.168.0 ಸರಣಿಯನ್ನೇ ಎಲ್ಲರೂ ಬಿಟ್ಟಿರುತ್ತಾರೆ. ಎರಡೂ ಕಡೆ ಒಂದೇ ಸರಣಿ ಇದ್ದರೆ ವಿಪಿಎನ್ (ಇಂಟರ್‌ನೆಟ್ ಮೂಲಕ ಎರಡು ಕಚೇರಿಗಳನ್ನು ಬೆಸೆಯುವ ಖಾಸಗಿ ಸಂಪರ್ಕ) ಹಾಕಿ ಹಸಿರು ದೀಪ ಬಂದರೂ ಪ್ರಯೋಜನವಿಲ್ಲ. 192.168.1.20 ಎಂಬ ಕಂಪ್ಯೂಟರ್ 192.168.1.50 ಎಂಬ ಸರ್ವರನ್ನು ತನ್ನ ಕಟ್ಟಡದಲ್ಲೇ ಹುಡುಕುತ್ತದೆ. ಪ್ಯಾಕೆಟ್ (ಡೇಟಾದ ತುಣುಕು) ರೂಟರ್‌ವರೆಗೆ ಹೋಗುವುದೇ ಇಲ್ಲ.

ಸರಿಯಾದ ಪರಿಹಾರವೆಂದರೆ ಚಿಕ್ಕ ಕಚೇರಿಯ ವಿಳಾಸಗಳನ್ನು, ಉದಾಹರಣೆಗೆ 10.20.1 ಸರಣಿಗೆ, ಬದಲಾಯಿಸುವುದು. ವಾರ ಮೊದಲೇ ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಕೊಟ್ಟ ವಿಳಾಸದ ಲೀಸ್ ಅವಧಿಯನ್ನು ಒಂದು ಗಂಟೆಗೆ ಇಳಿಸಿ, ರಜೆಯ ದಿನ ಬದಲಾವಣೆ ಮಾಡಿದರೆ ಡೆಸ್ಕ್‌ಟಾಪ್‌ಗಳು ತಾವಾಗಿಯೇ ಹೊಸ ವಿಳಾಸ ಪಡೆಯುತ್ತವೆ. ತೊಂದರೆ ಕೊಡುವುದು ಕೈಯಿಂದ ವಿಳಾಸ ಹಾಕಿದ ಸಾಧನಗಳು: ಪ್ರಿಂಟರ್, ಹಾಜರಾತಿಯ ಬಯೋಮೆಟ್ರಿಕ್ ಯಂತ್ರ, ಸಿಸಿಟಿವಿ ಡಿವಿಆರ್, ಸರ್ವರ್. ಲೆಕ್ಕದ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ ಸರ್ವರ್‌ನ ಹಳೆಯ ಐಪಿಯನ್ನೇ ಬರೆದಿಟ್ಟಿರುವುದೂ ಉಂಟು. ಇವುಗಳ ಪಟ್ಟಿ ಕೈಯಲ್ಲಿಲ್ಲದೆ ಕೆಲಸ ಶುರು ಮಾಡಬಾರದು. ವಿಳಾಸ ಬದಲಿಸುವುದು ಸದ್ಯಕ್ಕೆ ಸಾಧ್ಯವೇ ಇಲ್ಲವಾದರೆ ಎರಡೂ ಫೈರ್‌ವಾಲ್‌ಗಳಲ್ಲಿ ಒಂದಕ್ಕೊಂದು ನ್ಯಾಟ್ (ಒಂದು ವಿಳಾಸವನ್ನು ಇನ್ನೊಂದಾಗಿ ಬದಲಿಸಿ ತೋರಿಸುವ ಏರ್ಪಾಡು) ಹಾಕಿ, ಒಂದು ಕಚೇರಿ 10.99.1 ಎಂದೂ ಇನ್ನೊಂದು 10.99.2 ಎಂದೂ ಪರಸ್ಪರ ಕಾಣುವಂತೆ ಮಾಡಬಹುದು. ಕೊನೆಯ ಅಂಕಿ ಹಾಗೇ ಉಳಿಯುವುದರಿಂದ ಗೊಂದಲ ಕಡಿಮೆ. ಆದರೆ ಡೇಟಾದ ಒಳಗೇ ಐಪಿ ಬರೆದು ಕಳಿಸುವ ಸಾಫ್ಟ್‌ವೇರ್ ಇದರಲ್ಲಿ ಓಡದು. ಇದನ್ನು ತಾತ್ಕಾಲಿಕ ಏರ್ಪಾಡು ಎಂದೇ ಕಡತದಲ್ಲಿ ಬರೆದಿಡಬೇಕು.

ಪಕ್ಕಪಕ್ಕದ ಕಟ್ಟಡವೆಂದು ಎರಡು ನೆಟ್‌ವರ್ಕ್ ಸ್ವಿಚ್‌ಗಳ ನಡುವೆ ನೇರ ಕೇಬಲ್ ಚುಚ್ಚುವುದಂತೂ ಬೇಡವೇ ಬೇಡ. ಎರಡು ಡಿಎಚ್‌ಸಿಪಿಗಳು ಒಂದೇ ಜಾಲದಲ್ಲಿ ವಿಳಾಸ ಹಂಚತೊಡಗಿ ಕೆಲವು ಕಂಪ್ಯೂಟರ್‌ಗಳಿಗೆ ತಪ್ಪು ಗೇಟ್‌ವೇ (ಹೊರಹೋಗುವ ದಾರಿಯ ರೂಟರ್) ಸಿಗುತ್ತದೆ. ಯಾರೋ ಎರಡನೇ ಕೇಬಲ್ ಕೂಡ ಚುಚ್ಚಿದರೆ, ಸುತ್ತು ತಡೆಯುವ ಸ್ಪ್ಯಾನಿಂಗ್ ಟ್ರೀ ವ್ಯವಸ್ಥೆ ಇಲ್ಲದ ಅಗ್ಗದ ಸ್ವಿಚ್‌ಗಳಲ್ಲಿ ಡೇಟಾ ಸುತ್ತುತ್ತಲೇ ಇರುವ ಲೂಪ್ ಆಗಿ ಇಡೀ ನೆಟ್‌ವರ್ಕ್ ನಿಂತುಬಿಡುತ್ತದೆ.

ಬೇರೆ ಬೇರೆ ಕಂಪನಿಗಳ ಫೈರ್‌ವಾಲ್‌ಗಳ ನಡುವೆ ಐಪಿಸೆಕ್ ಎಂಬ ಗೂಢಲಿಪಿ ಮಾನದಂಡದ ವಿಪಿಎನ್ ಖಂಡಿತ ನಡೆಯುತ್ತದೆ. ನಡೆಯದು ಎಂದು ಹೇಳಿ ಎರಡನ್ನೂ ತಮ್ಮದೇ ಬ್ರ್ಯಾಂಡಿಗೆ ಬದಲಿಸಲು ಒತ್ತಾಯಿಸುವವರ ಮಾತನ್ನು ನಂಬಬೇಕಿಲ್ಲ. ಮಾನದಂಡ ಒಂದೇ, ಡೀಫಾಲ್ಟ್ ಸೆಟ್ಟಿಂಗ್‌ಗಳು ಬೇರೆ ಅಷ್ಟೆ. ಕೀ ವಿನಿಮಯಕ್ಕೆ ಐಕೆಇ 2ನೇ ಆವೃತ್ತಿ, ಗೂಢಲಿಪಿಗೆ ಎಇಎಸ್-256, ಡೇಟಾ ಬದಲಾಗಿಲ್ಲವೆಂಬ ಪರೀಕ್ಷೆಗೆ ಎಸ್‌ಎಚ್‌ಎ-256, ಕೀ ತಯಾರಿಗೆ ಡಿಎಚ್ ಗುಂಪು 14, ಕೀ ಅವಧಿ ಮೊದಲ ಹಂತಕ್ಕೆ 28,800 ಸೆಕೆಂಡ್, ಎರಡನೆಯದಕ್ಕೆ 3,600 ಸೆಕೆಂಡ್, ಪಿಎಫ್‌ಎಸ್ (ಕೀ ಬದಲಾದಾಗಲೆಲ್ಲ ಹೊಸದಾಗಿ ಡಿಎಚ್ ವಿನಿಮಯ) ಇದೆಯೋ ಇಲ್ಲವೋ, ಎರಡೂ ಕಡೆಯ ಸಬ್‌ನೆಟ್‌ಗಳು (ವಿಳಾಸ ಸರಣಿಗಳು) ಯಾವುವು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಇಬ್ಬರು ವೆಂಡರ್‌ಗಳ ಸಹಿ ಪಡೆಯಿರಿ. ಒಬ್ಬರು ಸಬ್‌ನೆಟ್ಟಿನ ಗಾತ್ರವನ್ನು /24 ಎಂದೂ ಇನ್ನೊಬ್ಬರು /16 ಎಂದೂ ಹಾಕಿದರೆ ಸಂಪರ್ಕ ಏಳುವುದೇ ಇಲ್ಲ, ಇಲ್ಲವೇ ಒಂದು ಕಡೆಯಿಂದ ಶುರು ಮಾಡಿದಾಗ ಮಾತ್ರ ಏಳುತ್ತದೆ. ಪಿಎಫ್‌ಎಸ್ ಎರಡೂ ಕಡೆ ಒಂದೇ ರೀತಿ ಇಲ್ಲದಿದ್ದರೆ ಇನ್ನೂ ಮೋಸಕರ: ಐಕೆಇ 2ರಲ್ಲಿ ಸಂಪರ್ಕ ಮೊದಲು ಸರಿಯಾಗಿಯೇ ಏಳುತ್ತದೆ, ಸುಮಾರು ಒಂದು ಗಂಟೆ ಕಳೆದು ಕೀ ಬದಲಾಗುವ ಹೊತ್ತಿಗೆ ಬೀಳುತ್ತದೆ. ಅಷ್ಟರಲ್ಲಿ ಇಂಜಿನಿಯರ್ ಊರು ಬಿಟ್ಟಿರುತ್ತಾರೆ.

ರೂಟರಿನ ಹೊರಗಿನ ಐಪಿ 100.64ರಿಂದ 100.127ರ ನಡುವೆ ಇದ್ದರೆ ಬ್ರಾಡ್‌ಬ್ಯಾಂಡ್‌ನವರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚಿದ್ದಾರೆ ಎಂದರ್ಥ. ಹೊರಗಿನಿಂದ ಅಲ್ಲಿಗೆ ಸಂಪರ್ಕ ಶುರು ಮಾಡಲಾಗದು. ಬದಲಾಗದ ಸ್ವಂತ ಸಾರ್ವಜನಿಕ ವಿಳಾಸಕ್ಕೆ (ಸ್ಟ್ಯಾಟಿಕ್ ಐಪಿ) ಲಿಖಿತವಾಗಿ ಕೇಳಿ. ಸಿಗುವವರೆಗೆ ಆ ಕಚೇರಿಯ ಫೈರ್‌ವಾಲೇ ಸಂಪರ್ಕ ಶುರು ಮಾಡುವಂತೆ ಹೊಂದಿಸಿ, ಗುರುತಿಗೆ ಐಪಿಯ ಬದಲು ಒಂದು ಹೆಸರು ಕೊಟ್ಟು, ಎದುರು ಕಡೆ ಐಪಿಸೆಕ್ ಬಳಸುವ ಯುಡಿಪಿ 500 ಮತ್ತು 4500 ಪೋರ್ಟ್ (ಡೇಟಾ ಬರುವ ಬಾಗಿಲು) ತೆರೆಯಬೇಕು.

ಪಿಂಗ್‌ಗೆ (ಸಂಪರ್ಕ ಪರೀಕ್ಷಿಸುವ ಚಿಕ್ಕ ಸಂದೇಶ) ಉತ್ತರ ಬರುತ್ತದೆ, ಲಾಗಿನ್ ಪರದೆಯೂ ಬರುತ್ತದೆ, ದೊಡ್ಡ ವರದಿ ತೆರೆದರೆ ಮಾತ್ರ ನಿಂತುಬಿಡುತ್ತದೆ ಎಂಬ ದೂರು ಬಂದರೆ ಪ್ಯಾಕೆಟ್ ಗಾತ್ರದ ಮೇಲೆ ಅನುಮಾನ ಪಡಿ. ಪಿಪಿಪಿಒಇ ಎಂಬ ಬಗೆಯ ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲಿ ಪ್ಯಾಕೆಟ್ ಮಿತಿ 1,500ರ ಬದಲು 1,492 ಬೈಟ್, ಐಪಿಸೆಕ್ ಅದರಲ್ಲೂ ಒಂದಷ್ಟನ್ನು ತಿನ್ನುತ್ತದೆ. ಪಿಂಗ್‌ನಲ್ಲಿ ‘ತುಂಡರಿಸಬೇಡ’ ಎಂಬ ಆಯ್ಕೆ ಹಾಕಿ ಗಾತ್ರವನ್ನು 1,472ರಿಂದ ಇಳಿಸುತ್ತ ಹೋದರೆ ಎಲ್ಲಿ ದಾಟುತ್ತದೆಂದು ತಿಳಿಯುತ್ತದೆ. ಫೈರ್‌ವಾಲ್‌ನಲ್ಲಿ ಟಿಸಿಪಿ ಎಂಎಸ್‌ಎಸ್ ಅನ್ನು (ಒಂದು ಪ್ಯಾಕೆಟ್‌ನಲ್ಲಿ ಸಾಗುವ ಡೇಟಾದ ಗರಿಷ್ಠ ಗಾತ್ರ) 1,350ಕ್ಕೆ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ದಾರಿ ಸರಿಯಾದ ಮೇಲೂ ಫೈಲ್ ಹಂಚಿಕೆ ಕೈಕೊಡಬಹುದು. ವಿಂಡೋಸ್ ಸರ್ವರ್ 2003ಕ್ಕೆ ಫೈಲ್ ಹಂಚಿಕೆಯಲ್ಲಿ ಎಸ್‌ಎಂಬಿ 1 ಎಂಬ ಹಳೆಯ ಭಾಷೆ ಬಿಟ್ಟರೆ ಬೇರೆ ಗೊತ್ತಿಲ್ಲ. 2017ರ ಕೊನೆಯಿಂದ ಬಂದ ವಿಂಡೋಸ್ 10ರಲ್ಲಿ ಅದು ಮೊದಲಿನಿಂದಲೇ ಇರುವುದಿಲ್ಲ, ಇಲ್ಲವೇ ಬಳಸದಿದ್ದರೆ ತಾನಾಗಿ ತೆಗೆದುಹೋಗುತ್ತದೆ. ಎಲ್ಲ ಕಂಪ್ಯೂಟರ್‌ಗಳಲ್ಲೂ ಎಸ್‌ಎಂಬಿ 1 ಆನ್ ಮಾಡಿ ಎಂಬ ಸಲಹೆ ಅಪಾಯಕಾರಿ: 2017ರ ಮೇನಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಅದೇ ಬಾಗಿಲಿಂದ. ಹಳೆಯ ಸರ್ವರ್‌ನ ಫೈಲ್‌ಗಳನ್ನು ಹೊಸದಕ್ಕೆ ಸಾಗಿಸುವುದೇ ದಾರಿ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಪಾಸ್‌ವರ್ಡ್ ಇಲ್ಲದ ಹಂಚಿಕೆಗಳೂ ತೆರೆಯದಿರಬಹುದು. ಅದಕ್ಕೆ ಫೈಲ್ ಸಂಗ್ರಹಿಸುವ ನ್ಯಾಸ್ ಸಾಧನದಲ್ಲಿ ಸರಿಯಾದ ಬಳಕೆದಾರ ಖಾತೆ ಮಾಡಿ, ಅದರ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ನವೀಕರಿಸಿ. ಎರಡೂ ಕಡೆ ಡೊಮೇನ್ (ಕಂಪ್ಯೂಟರ್, ಬಳಕೆದಾರರನ್ನು ಒಂದೇ ಸರ್ವರ್‌ನಿಂದ ನಿರ್ವಹಿಸುವ ವಿಂಡೋಸ್ ಏರ್ಪಾಡು) ಇದ್ದರೆ ಗಡಿಯಾರಗಳನ್ನೂ ನೋಡಿ. 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಡೊಮೇನ್‌ನ ಗುರುತು ಪರೀಕ್ಷೆಯಾದ ಕರ್ಬೆರೋಸ್ ಲಾಗಿನ್ ಒಪ್ಪುವುದಿಲ್ಲ.

ನಮ್ಮ ಕಚೇರಿಗಳಿಗೆ ಇನ್ನೊಂದು ವಿಶೇಷ ತೊಡಕಿದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತವೆ. ಪ್ರತಿ ತೆಗೆದಿಟ್ಟುಕೊಂಡೇ ಯೂನಿಕೋಡ್‌ಗೆ ಪರಿವರ್ತಿಸಬೇಕು, ಅರ್ಕಾವತ್ತು ಮತ್ತು ಒತ್ತಕ್ಷರಗಳು ಸ್ಥಾನ ತಪ್ಪಿಲ್ಲವೇ ಎಂದು ಕನ್ನಡ ಬಲ್ಲ ಸಿಬ್ಬಂದಿಯೇ ಓದಿ ನೋಡಬೇಕು. ಸದಸ್ಯರ ಹೆಸರಿನ ಪಟ್ಟಿಯಲ್ಲಿ ಇದನ್ನು ಬಿಟ್ಟರೆ ಮುಂದೆ ಹುಡುಕಾಟವೇ ನಡೆಯದು.

ಇನ್ನು ವೆಂಡರ್‌ಗಳ ಸಹಾಯ. ‘ನೆಟ್ ಬರ್ತಿಲ್ಲ’ ಎಂಬ ದೂರಿಗೆ ‘ರೀಸ್ಟಾರ್ಟ್ ಮಾಡಿ’ ಎಂಬ ಉತ್ತರವೇ ಸಿಗುತ್ತದೆ. ಯಾವ ಐಪಿಯಿಂದ ಯಾವ ಐಪಿಗೆ, ಯಾವ ಪೋರ್ಟ್, ಎಷ್ಟು ಗಂಟೆಗೆ, ಪರದೆಯ ಮೇಲೆ ಬಂದ ಸಂದೇಶ ಅಕ್ಷರಶಃ ಏನು, ಹಿಂದಿನ ದಿನ ಏನು ಬದಲಾಯಿತು, ಸಾಧನದ ಸೀರಿಯಲ್ ನಂಬರ್, ಫರ್ಮ್‌ವೇರ್ ಆವೃತ್ತಿ, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಮುಗಿಯುವ ದಿನ ಇಷ್ಟನ್ನೂ ಬರೆದು, ಜೊತೆಗೆ ಒಂದು ಪುಟದ ನಕ್ಷೆ ಇಟ್ಟು ಕಳಿಸಿ.

ಪರಸ್ಪರ ದೂಷಣೆ ಶುರುವಾದರೆ ಮಾತು ನಿಲ್ಲಿಸಿ ಪ್ಯಾಕೆಟ್ ಕ್ಯಾಪ್ಚರ್ (ದಾಟಿಹೋದ ಪ್ಯಾಕೆಟ್‌ಗಳ ದಾಖಲೆ) ಕೇಳಿ. ಎರಡೂ ಫೈರ್‌ವಾಲ್‌ಗಳ ಒಳಬದಿ, ಹೊರಬದಿಗಳಲ್ಲಿ ಒಂದೇ ಐದು ನಿಮಿಷದ ಕ್ಯಾಪ್ಚರ್ ತೆಗೆಯಬೇಕು. ಗಡಿಯಾರಗಳು ಹೊಂದಿರಬೇಕು. ಒಂದು ಕಚೇರಿಯ ಹೊರಬದಿ ಬಿಟ್ಟ ಪ್ಯಾಕೆಟ್ ಇನ್ನೊಂದರ ಹೊರಬದಿಗೆ ತಲುಪದಿದ್ದರೆ ಕೇಳಬೇಕಾದ್ದು ಬ್ರಾಡ್‌ಬ್ಯಾಂಡ್‌ನವರನ್ನು. ಹೊರಬದಿಗೆ ಬಂದು ಒಳಬದಿಗೆ ದಾಟದಿದ್ದರೆ ಆ ಕಡೆಯ ಫೈರ್‌ವಾಲ್‌ನವರನ್ನು. ಸರ್ವರ್ ತಲುಪಿಯೂ ಉತ್ತರ ಬರದಿದ್ದರೆ ಸರ್ವರ್‌ನ ಗೇಟ್‌ವೇ ಮತ್ತು ವಿಂಡೋಸ್ ಫೈರ್‌ವಾಲ್ ನೋಡಿ. ಡೊಮೇನ್ ಇಲ್ಲದ ಯಂತ್ರಗಳಲ್ಲಿ ಫೈಲ್ ಹಂಚಿಕೆಯ ನಿಯಮ ಸ್ವಂತ ಸಬ್‌ನೆಟ್ಟಿಗೆ ಮಾತ್ರ ಅನುಮತಿ ಕೊಡುವುದು ಸಾಮಾನ್ಯ. ಎರಡೂ ಕಂಪನಿಗಳಲ್ಲಿ ಒಂದೇ ದಿನ ದೂರಿನ ಟಿಕೆಟ್ ತೆರೆದು, ಒಬ್ಬರ ಟಿಕೆಟ್ ನಂಬರನ್ನು ಇನ್ನೊಬ್ಬರಿಗೆ ಕೊಟ್ಟು, ಒಂದೇ ಕರೆಯಲ್ಲಿ ಇಬ್ಬರನ್ನೂ ಕೂರಿಸಿ. ಇಂಥ ಸಹಕಾರಕ್ಕಾಗಿಯೇ ಕಂಪನಿಗಳ ನಡುವೆ ಟಿಎಸ್‌ಎನೆಟ್ ಎಂಬ ಒಕ್ಕೂಟವಿದೆ. ಇಬ್ಬರೂ ಅದರ ಸದಸ್ಯರೇ ಎಂದು ವಿಚಾರಿಸಿ.

ಇದಕ್ಕೆಲ್ಲ ಬಲ ಬರುವುದು ವರ್ಕ್ ಆರ್ಡರ್‌ನಿಂದ. ಅಡ್ಮಿನ್ ಪಾಸ್‌ವರ್ಡ್ ತಮ್ಮಲ್ಲೇ ಇಟ್ಟುಕೊಂಡು ಎಎಂಸಿ ಉಳಿಸಿಕೊಳ್ಳುವ ಪದ್ಧತಿ ನಿಲ್ಲಬೇಕು. ಪಾಸ್‌ವರ್ಡ್, ಪ್ರತಿ ಬದಲಾವಣೆಯ ನಂತರದ ಕಾನ್ಫಿಗರೇಶನ್ ಬ್ಯಾಕಪ್, ನಕ್ಷೆ ಕಚೇರಿಯ ಸ್ವತ್ತು ಎಂದು ಬರೆಯಿರಿ. ಇನ್ನೊಂದು ಕಂಪನಿಯ ಇಂಜಿನಿಯರ್ ಜೊತೆ ಕುಳಿತು ದೋಷ ಹುಡುಕುವುದು ಕರ್ತವ್ಯದ ಭಾಗ ಎಂದೂ ಬರೆಯಿರಿ. ಎರಡೂ ದಿಕ್ಕಿನಲ್ಲಿ 2 ಜಿಬಿ ಫೈಲ್ ಸಾಗಿ, ವಿಪಿಎನ್ 24 ಗಂಟೆ ಬೀಳದೆ ನಿಂತು, ಕರೆಂಟ್ ತೆಗೆದು ಕೊಟ್ಟ ಮೇಲೂ ತಾನಾಗಿ ಎದ್ದಾಗಲೇ ಕೊನೆಯ ಕಂತು ಪಾವತಿಸಿ.

ಚಿಕ್ಕ ಸಂಘಗಳಿಗೆ ಇಂಥ ವರ್ಕ್ ಆರ್ಡರ್ ಬರೆದುಕೊಡುವವರಿಲ್ಲ. ಸಹಕಾರ ಇಲಾಖೆ ಮತ್ತು ಸೌಹಾರ್ದ ಸಂಯುಕ್ತ ಸಹಕಾರಿ ಸೇರಿ ಕನ್ನಡದಲ್ಲಿ ಒಂದು ಮಾದರಿ ಸಿದ್ಧಪಡಿಸಿ, ವಿಲೀನದ ಅರ್ಜಿಯ ಜೊತೆಗೆ ಸಾಧನಗಳ ಮತ್ತು ಐಪಿ ವಿಳಾಸಗಳ ಪಟ್ಟಿಯನ್ನೂ ಕಡ್ಡಾಯ ಮಾಡಬೇಕೆಂದು ಒತ್ತಾಯಿಸುತ್ತೇವೆ.

— ಕಚೇರಿ ನೆಟ್‌ವರ್ಕ್ ತಂತ್ರಜ್ಞರು, ದಾವಣಗೆರೆ