ಚಾಕೊಲೇಟ್ ಅಲಂಕಾರ: ಉಷ್ಣತೆಯನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಕೇಕ್ ಮತ್ತು ಇತರ ಸಿಹಿತಿನಿಸುಗಳ ಮೇಲಿಡುವ ಚಾಕೊಲೇಟ್ ಸುರುಳಿ, ಎಲೆ, ಜಾಲರಿಗಳನ್ನು ಮಾಡುವ ಬಗೆ ಅಡುಗೆ ಅಂಕಣಗಳಲ್ಲಿ ಆಗಾಗ ಪ್ರಕಟವಾಗುತ್ತದೆ. ಚಿತ್ರಗಳು ಸೊಗಸಾಗಿರುತ್ತವೆ, ವಿಧಾನ ಮಾತ್ರ ‘ಚಾಕೊಲೇಟ್ ಕರಗಿಸಿ, ಹಾಳೆಯ ಮೇಲೆ ಹರಡಿ, ಫ್ರಿಜ್‌ನಲ್ಲಿಡಿ’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಇದನ್ನು ನಂಬಿ ಅಸಲಿ ಚಾಕೊಲೇಟ್ ಕರಗಿಸಿದವರಿಗೆ ಸಿಗುವುದು ಮುಟ್ಟಿದೊಡನೆ ಬೆರಳಿಗೆ ಅಂಟುವ, ಕೆಲವೇ ದಿನಗಳಲ್ಲಿ ಬೂದಿ ಬಳಿದಂತೆ ಮಾಸುವ ತುಂಡುಗಳು. ಚಾಕೊಲೇಟನ್ನು ಗೊತ್ತಾದ ಉಷ್ಣತೆಗಳಿಗೆ ಕಾಯಿಸಿ, ತಣಿಸಿ ಹದಗೊಳಿಸುವ ಟೆಂಪರಿಂಗ್ ಎಂಬ ಹಂತವನ್ನೇ ಬರಹಗಳು ಕೈಬಿಡುತ್ತಿರುವುದು ಇದಕ್ಕೆ ಮುಖ್ಯ ಕಾರಣ.

ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ ಗಟ್ಟಿಯಾಗುವಾಗ ಆರು ಬಗೆಯ ಹರಳುಗಳಾಗಿ ಕಟ್ಟಿಕೊಳ್ಳಬಲ್ಲದು. ಹೊಳಪು, ಮುರಿದಾಗ ಕೇಳುವ ಟಕ್ಕೆಂಬ ಸದ್ದು, ಅಚ್ಚಿನಿಂದ ಸಲೀಸಾಗಿ ಬಿಟ್ಟುಬರುವ ಗುಣ, ಇವೆಲ್ಲವೂ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಐದನೆಯ ಬಗೆಯ ಹರಳಿನಿಂದ ಬರುತ್ತವೆ. ಅದನ್ನು ಪಡೆಯಲು ಡಾರ್ಕ್ ಚಾಕೊಲೇಟನ್ನು 45ರಿಂದ 50 ಡಿಗ್ರಿಯವರೆಗೆ ಕಾಯಿಸಿ, ಹಳೆಯ ಹರಳುಗಳೆಲ್ಲ ಕರಗಿದ ಮೇಲೆ ಕಲಕುತ್ತಾ 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಿ ಬಳಸಬೇಕು. ಮಿಲ್ಕ್ ಚಾಕೊಲೇಟಿಗೆ ಕೊನೆಯ ಉಷ್ಣತೆ 29–30 ಡಿಗ್ರಿ, ವೈಟ್ ಚಾಕೊಲೇಟಿಗೆ ಇನ್ನೂ ತುಸು ಕಡಿಮೆ. ತಣಿಸಲು ಅಮೃತಶಿಲೆಯ ಹಲಗೆಯೇನೂ ಬೇಕಿಲ್ಲ: ಕರಗಿದ ಚಾಕೊಲೇಟಿಗೆ ಅದರ ಮೂರನೇ ಒಂದು ಭಾಗದಷ್ಟು ಸಣ್ಣಗೆ ಹೆಚ್ಚಿದ ಚಾಕೊಲೇಟನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತಾ ತಣಿಸಿದರೆ, ಆ ಚೂರುಗಳಲ್ಲಿರುವ ಹರಳುಗಳೇ ಹೆಪ್ಪಿನಂತೆ ಕೆಲಸ ಮಾಡುತ್ತವೆ. ಚಾಕುವಿನ ತುದಿಗೆ ತೆಳುವಾಗಿ ಸವರಿದ್ದು ತಂಪಾದ ಕೋಣೆಯಲ್ಲಿ ಐದು ನಿಮಿಷದೊಳಗೆ ಹೊಳಪಿನಿಂದ ಗಟ್ಟಿಯಾದರೆ ಹದ ಬಂದಿದೆಯೆಂದು ತಿಳಿಯಬಹುದು.

ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಬಳಸುವ ಕಾಂಪೌಂಡ್ ಚಾಕೊಲೇಟಿಗೆ ಈ ಯಾವ ಪಾಡೂ ಇಲ್ಲ. ರುಚಿಯಲ್ಲಿ ಅದು ಹಿಂದೆ ಬಿದ್ದರೂ ಕೋನ್ ಹಿಡಿದು ಜಾಲರಿ ಎಳೆಯಲು ಕಲಿಯುವವರಿಗೆ ಅದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಆದರೆ ಚಿತ್ರದಲ್ಲಿರುವುದು ಯಾವುದು ಎಂಬುದನ್ನು ಬರಹ ಹೇಳಬೇಕು. ಬಣ್ಣದ ವಿಷಯವೂ ಹಾಗೆಯೇ: ನೀರು ಬೆರೆತ ಬಣ್ಣದ ಕೆಲವು ಹನಿಗಳು ಬಿದ್ದರೂ ಚಾಕೊಲೇಟ್ ಗಂಟುಗಂಟಾಗುವುದರಿಂದ ‘ಬಣ್ಣ ಸೇರಿಸಿ’ ಎಂದಷ್ಟೇ ಬರೆದರೆ ಸಾಲದು, ಕೊಬ್ಬಿನಲ್ಲಿ ಕರಗುವ ಬಣ್ಣವೆಂದು ಸ್ಪಷ್ಟಪಡಿಸಬೇಕು. ಇನ್ನು ತಯಾರಾದ ಅಲಂಕಾರಗಳನ್ನು ಫ್ರಿಜ್‌ನಲ್ಲಿ ತೆರೆದಿಟ್ಟರೆ, ಹೊರತೆಗೆದಾಗ ಮೇಲೆ ತೇವ ಕೂತು ಸಕ್ಕರೆ ಕರಗಿ, ಆರಿದ ಬಳಿಕ ಒರಟಾದ ಬಿಳಿ ಪದರವಾಗುತ್ತದೆ. 15ರಿಂದ 18 ಡಿಗ್ರಿಯ ಒಣ ಜಾಗದಲ್ಲಿ ಮುಚ್ಚಿಡುವುದು ಲೇಸು.

ಎಲ್ಲಕ್ಕಿಂತ ಗಂಭೀರವಾದುದು ಎಲೆಗಳ ಸಂಗತಿ. ನಿಜವಾದ ಎಲೆಯ ಹಿಂಬದಿಗೆ ಚಾಕೊಲೇಟ್ ಬಳಿದು, ಗಟ್ಟಿಯಾದ ಮೇಲೆ ಎಲೆಯನ್ನು ಸುಲಿದರೆ ನರಗಳೆಲ್ಲ ಅಚ್ಚಾಗಿ ಮೂಡುತ್ತವೆ, ನಿಜ. ಆದರೆ ‘ಯಾವುದಾದರೂ ದಪ್ಪ ಎಲೆ’ ಎಂಬ ಸಲಹೆ ಅಪಾಯಕಾರಿ. ಕಣಗಿಲೆಯ ಎಲೆಯೂ ದಪ್ಪವೇ, ಅದು ಕಡುವಿಷ. ಕೀಟನಾಶಕ ಸಿಂಪಡಿಸದ ಗುಲಾಬಿ ಎಲೆಯಂಥದ್ದನ್ನು ತೊಳೆದು, ಪೂರ್ತಿ ಒರೆಸಿ ಬಳಸಬೇಕು. ಇಂಥ ವಿಧಾನಗಳನ್ನು ಮುದ್ರಿಸುವಾಗ ಚಾಕೊಲೇಟಿನ ಬಗೆ ಮತ್ತು ಉಷ್ಣತೆಯ ಜೊತೆಗೆ ಎಲೆಯ ಹೆಸರನ್ನೂ ತಪ್ಪದೆ ನಮೂದಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ